ಮೂರು ಮನೆಗೆ ಒಬ್ಬ ಶೈಲಜಮ್ಮ

ತರಗುಪೇಟೆಯ ಬೇಳೆ ಮಂಡಿಗಳಲ್ಲಿ ನಾಗಭೂಷಣ್ ಅವರನ್ನು ಮಾತಿನಲ್ಲಿ ಸೋಲಿಸಿದವರು ಕಡಿಮೆ. ಗುಲ್ಬರ್ಗದ ತೊಗರಿಯನ್ನು ಅಂಗೈ ಮೇಲೆ ಹರಡಿಕೊಂಡು, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ ಅವರು ಬೆಲೆ ಹೇಳಿದರೆ ಅದೇ ಬೆಲೆ. ಅದೇ ಮನುಷ್ಯ ಚಾಮರಾಜಪೇಟೆಯ ಮನೆಗೆ ಬಂದು ಚಪ್ಪಲಿ ಬಿಟ್ಟರೆ ಬೆಕ್ಕಿನಂತೆ ಮೆತ್ತಗಾಗುತ್ತಿದ್ದರು. ಅಲ್ಲಿ ನಡೆಯುತ್ತಿದ್ದದ್ದು ಅಕ್ಕ ಗಿರಿಜಾಂಬಾ ಅವರ ಮಾತು.

ತಾಯಿ ತೀರಿಕೊಂಡಾಗ ನಾಗಭೂಷಣ್ ಇನ್ನೂ ಶಾಲೆಯ ಮುಖ ಕಂಡಿರಲಿಲ್ಲ. ಮದುವೆಯಾದ ಹೊಸದರಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದ ಅಕ್ಕನೇ ಅವರಿಗೆ ಅನ್ನ ಕಲಸಿ ಹಾಕಿ ಬೆಳೆಸಿದ್ದು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರಾಗಿ ಸೇರಿ, ತಮ್ಮನನ್ನು ಓದಿಸಿ, ಮನೆಯ ಸಾಲ ತೀರಿಸಿ, ನಿವೃತ್ತರೂ ಆದರು. ತಮ್ಮನಿಗೆ ಹೆಣ್ಣು ಹುಡುಕುವುದೊಂದರಲ್ಲಿ ಮಾತ್ರ ಅವರು ಸೋತಿದ್ದರು. ನೋಡಿದ ಕಡೆಯಲ್ಲೆಲ್ಲ ಏನಾದರೊಂದು ಅಡ್ಡಿ ಬರುತ್ತಿತ್ತು; ನಾಗಭೂಷಣ್ ನಲವತ್ತು ದಾಟಿದ ಮೇಲೆ ಇಬ್ಬರೂ ಆ ವಿಚಾರ ಎತ್ತುವುದನ್ನೇ ಬಿಟ್ಟರು. ಅಕ್ಕ, ತಮ್ಮ, ಮುಂದಿನ ಜಗುಲಿ, ಹಿಂದಿನ ಕರಿಬೇವಿನ ಗಿಡ. ಸಂಸಾರವೆಂದರೆ ಅಷ್ಟೇ.

ತೊಂಬತ್ತೊಂಬತ್ತನೇ ಇಸವಿಯ ಕಾರ್ತಿಕದಲ್ಲಿ ಗಿರಿಜಾಂಬಾ ಬಚ್ಚಲಲ್ಲಿ ಜಾರಿ ಬಿದ್ದರು. ತೊಡೆಯ ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ರಾಡ್ ಹಾಕಿದರು. ಮನೆಗೆ ಕಳಿಸುವ ದಿನ ಡಾಕ್ಟರು ನಾಗಭೂಷಣ್ ಅವರನ್ನು ಪಕ್ಕಕ್ಕೆ ಕರೆದರು.

"ನಮ್ಮ ಕೆಲಸ ಮುಗೀತು, ನಿಮ್ಮದು ಈಗ ಶುರು. ಮಲಗಿದ ಕಡೆನೇ ಬಿಟ್ರೆ ಬೆನ್ನು ಹುಣ್ಣಾಗುತ್ತೆ. ನಿಧಾನಕ್ಕೆ ಎಬ್ಬಿಸಿ ನಡೆಸ್ಲಿಲ್ಲ ಅಂದ್ರೆ ಆಮೇಲೆ ನಡೆಯೋದೇ ಇಲ್ಲ. ಮನೇಲಿ ಹೆಂಗಸ್ರು ಯಾರಿದಾರೆ?"

"ಅಕ್ಕನೇ ಸಾರ್," ಎಂದರು ನಾಗಭೂಷಣ್.

ಮೊದಲ ವಾರ ಪಕ್ಕದ ಮನೆಯ ಕಾವೇರಮ್ಮ ಕೈಹಿಡಿದರು. ಬೆಳಿಗ್ಗೆ ಬಂದು ಮೈ ಒರೆಸಿ, ಸೀರೆ ಬದಲಿಸಿ ಹೋಗುತ್ತಿದ್ದರು. ಆಮೇಲೆ ಮಗಳ ಬಾಣಂತನಕ್ಕೆಂದು ಅವರು ಮೈಸೂರಿಗೆ ಹೊರಡಲೇಬೇಕಾಯಿತು. ನಾಗಭೂಷಣ್‌ಗೆ ಅಡುಗೆ ಬರುತ್ತಿತ್ತು, ಬಟ್ಟೆ ಒಗೆಯುವುದೂ ಬರುತ್ತಿತ್ತು. ಆದರೆ ಬಿಸಿನೀರಿನ ಬಕೆಟ್ ಹಿಡಿದು ಅವರು ಕೋಣೆಯ ಬಾಗಿಲಿಗೆ ಬಂದಾಗ ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದರು.

"ಅಲ್ಲಿಟ್ಟು ಹೋಗು ಭೂಷಣ. ನಿನ್ನ ಕೈಲಿ ಮೈ ತೊಳಿಸ್ಕೊಳ್ಳೋಷ್ಟು ಕೆಟ್ಟ ಕಾಲ ನಂಗಿನ್ನೂ ಬಂದಿಲ್ಲ."

ಸ್ನಾನವಿಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಾಗದೆ ಊಟವಿಲ್ಲ. ಬುದ್ಧಿ ಬಂದಾಗಿನಿಂದ ಗಿರಿಜಾಂಬಾ ಪಾಲಿಸಿಕೊಂಡು ಬಂದ ನಿಯಮ ಅದು. ಮಲಗಿದವರಿಗೆ ನಿಯಮ ಸಡಿಲವೆಂದು ಮಠದ ಅಯ್ಯನವರೇ ಬಂದು ಹೇಳಿದರೂ ಅವರು ಒಪ್ಪಲಿಲ್ಲ. ಒದ್ದೆ ಬಟ್ಟೆಯಿಂದ ತಮಗೆ ಎಟುಕಿದಷ್ಟು ತಾವೇ ಒರೆಸಿಕೊಂಡು, ಅರ್ಧ ಮನಸ್ಸಿನಿಂದ ಪೂಜೆ ಮಾಡಿ, ಎರಡು ತುತ್ತು ಉಂಡು ತಟ್ಟೆ ಸರಿಸುತ್ತಿದ್ದರು. ಕೆನ್ನೆ ಒಳಕ್ಕೆ ಹೋಗುತ್ತಿರುವುದು ನಾಗಭೂಷಣ್‌ಗೆ ಕಾಣುತ್ತಿತ್ತು.

ಪೇಪರಿನ ಜಾಹೀರಾತು ನೋಡಿ ಅವರು ಮೆಜೆಸ್ಟಿಕ್ ಹತ್ತಿರದ ಒಂದು ಏಜೆನ್ಸಿಗೆ ಹೋದರು. ಮಹಡಿ ಮೇಲಿನ ಸಣ್ಣ ಕೋಣೆ. ಒಂದು ಮೇಜು, ಒಂದು ಫೋನು. ಎರಡು ತಿಂಗಳ ಹಣ ಮುಂಗಡ ಕಟ್ಟಿಸಿಕೊಂಡರು. ಮೊದಲು ಬಂದಾಕೆ ಗಿರಿಜಾಂಬಾ ಅವರ ತೋಳು ಹಿಡಿದು ಎಳೆದು ಕೂರಿಸಲು ಹೋದಳು; ಅಕ್ಕನ ಕೂಗು ಬೀದಿಗೆ ಕೇಳಿಸಿತು. ಎರಡನೆಯಾಕೆ ಒಳ್ಳೆಯವಳೇ, ಆದರೆ ಒಂದು ವಾರಕ್ಕೇ ಅವಳನ್ನು ಬೇರೆ ಕಡೆಗೆ ಹಾಕಿದರು. ಮೂರನೆಯವರು ಬರಲೇ ಇಲ್ಲ. ಫೋನು ಬಡಿದುಕೊಳ್ಳುತ್ತಿತ್ತು, ಎತ್ತುವವರಿರಲಿಲ್ಲ. ನಾಗಭೂಷಣ್ ಹೋಗಿ ನೋಡಿದರೆ ಮಹಡಿಯ ಕೋಣೆಗೆ ಬೀಗ.

"ಬೇಳೆ ಆದ್ರೆ ಕಡಿದು ನೋಡಿ ತಗೋತೀಯ," ಎಂದರು ಅಕ್ಕ ಮಲಗಿದಲ್ಲಿಂದಲೇ. ಆಮೇಲೆ ತಮ್ಮನ ಮುಖ ನೋಡಿ, "ಹೋಗ್ಲಿ ಬಿಡು. ಕಾಫಿ ಮಾಡು," ಎಂದರು.

ಶೈಲಜಮ್ಮನ ಹೆಸರು ಹೇಳಿದ್ದು ಆಸ್ಪತ್ರೆಯ ವಾರ್ಡಿನ ಸಿಸ್ಟರು. ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು, ಹನುಮಂತನಗರದಲ್ಲಿ ಮನೆ. ಮಾರನೆಯ ದಿನವೇ ಬಂದರು. ಗಿಡ್ಡ ಆಳು, ಗಟ್ಟಿ ಕೈ, ಕಾಟನ್ ಸೀರೆ. ಬಾಗಿಲಲ್ಲಿ ನಾಗಭೂಷಣ್ ಎಕ್ಸ್-ರೇ, ಔಷಧಿ ಚೀಟಿ ಎಲ್ಲ ಹಿಡಿದು ವಿವರಿಸಲು ಶುರುಮಾಡಿದರೆ, ಆಕೆ ಚೀಟಿಗಳನ್ನು ಕೈಗೆ ತೆಗೆದುಕೊಂಡು ನೇರ ಒಳಗೆ ಹೋಗಿ ಮಂಚದ ಪಕ್ಕ ಕುಳಿತರು.

"ಅಮ್ಮಾ, ನೋವು ಇದ್ದೇ ಇರುತ್ತೆ. ಅದು ಬಿಟ್ಟು ಏನು ಕಷ್ಟ ಆಗ್ತಿದೆ ನಿಮ್ಗೆ?"

ಗಿರಿಜಾಂಬಾ ಆಕೆಯ ಕಡೆ ತಿರುಗಿ, "ಸ್ನಾನ," ಎಂದರು.

"ಸರಿ. ಯಜಮಾನ್ರೇ, ನೀರು ಕಾಯಿಸಿ. ಮನೇಲಿ ಪ್ಲಾಸ್ಟಿಕ್ ಹಾಳೆ ಇದೆಯಾ?"

ಮಂಡಿಯಲ್ಲಿ ಚೀಲದ ಮೇಲೆ ಹೊದಿಸುತ್ತಿದ್ದ ಹಾಳೆ ಇತ್ತು. ಬಾಗಿಲು ಮುಚ್ಚಿಕೊಂಡಿತು. ನಾಗಭೂಷಣ್ ಜಗುಲಿಯ ಮೇಲೆ ಕುಳಿತು ಒಳಗಿನ ಸದ್ದು ಕೇಳಿಸಿಕೊಂಡರು. ನೀರು ಸುರಿಯುವ ಸದ್ದು, ಸೀಗೆಕಾಯಿಯ ವಾಸನೆ, ಒಮ್ಮೆ ಅಕ್ಕ ನರಳಿದ್ದು, ಆಮೇಲೆ ಏನೋ ಮಾತಿಗೆ ಇಬ್ಬರೂ ನಕ್ಕಿದ್ದು. ಬಾಗಿಲು ತೆರೆದಾಗ ಗಿರಿಜಾಂಬಾ ದಿಂಬಿಗೊರಗಿ ಕುಳಿತಿದ್ದರು. ತಲೆಗೆ ಬಿಳಿ ಟವೆಲ್, ಹಣೆಗೆ ಅಚ್ಚುಕಟ್ಟಾದ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಆ ದಿನ ಅವರು ಎರಡನೇ ಸಲ ಅನ್ನ ಹಾಕಿಸಿಕೊಂಡರು. ಬಡಿಸುತ್ತಿದ್ದ ನಾಗಭೂಷಣ್ ಸಾರು ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಿಂತರು.

ತೊಡಕು ಬಂದದ್ದು ಸಂಬಳದ ಮಾತಿನಲ್ಲಿ. ಶೈಲಜಮ್ಮನಿಗೆ ಜಯನಗರದ ನರ್ಸಿಂಗ್ ಹೋಮೊಂದು ಇಡೀ ದಿನದ ಕೆಲಸ ಕೊಡುತ್ತೇನೆಂದು ಕರೆಯುತ್ತಿತ್ತು. "ಎರಡು ಗಂಟೆ ಕೆಲಸ ನಂಬ್ಕೊಂಡು ಅದನ್ನ ಬಿಡೋಕಾಗಲ್ಲ ಸಾರ್. ದಿನಪೂರ್ತಿ ಆದ್ರೆ ಬರ್ತೀನಿ. ಆದ್ರೆ ದಿನಪೂರ್ತಿ ನಿಮ್ಮ ಅಕ್ಕನ ಪಕ್ಕ ಕೂತು ನಾನೇನ್ ಮಾಡ್ಲಿ? ಅವ್ರಿಗೆ ಬೇಕಿರೋದು ಬೆಳಿಗ್ಗೆ ಒಂದು ಹೊತ್ತು, ಸಾಯಂಕಾಲ ಒಂದು ಹೊತ್ತು." ಯೋಚಿಸಿ ಹೇಳಿ ಎಂದು ವಾರದ ಗಡುವು ಕೊಟ್ಟು ಹೋದರು. ಆಪರೇಷನ್‌ಗೆ, ಏಜೆನ್ಸಿಗೆ ಎಂದು ಉಳಿತಾಯವೆಲ್ಲ ಕರಗಿತ್ತು. ದಿನಪೂರ್ತಿಯ ಸಂಬಳವನ್ನು ನಾಗಭೂಷಣ್ ಹೆಚ್ಚೆಂದರೆ ಎರಡು ತಿಂಗಳು ಕೊಟ್ಟಾರು.

ಅವರಿಗೆ ದಾರಿ ಹೊಳೆದದ್ದು ಮಂಡಿಯಲ್ಲೇ. ಒಬ್ಬರ ಸರಕಿಗೆ ಲಾರಿ ತುಂಬದಿದ್ದರೆ ಮೂರು ನಾಲ್ಕು ಅಂಗಡಿಯವರು ಸೇರಿ ತುಂಬುತ್ತಾರೆ. ಅವರವರ ಚೀಲಕ್ಕೆ ತಕ್ಕ ಬಾಡಿಗೆ. ಅಂದು ಹುಬ್ಬಳ್ಳಿಗೆ ಹೊರಟ ಲಾರಿಗೆ ಚೀಲ ಹೊರಿಸುತ್ತಾ ನಿಂತಿದ್ದ ನಾಗಭೂಷಣ್‌ಗೆ ರಾಮಾನುಜ ಅವರ ಮನೆಯ ಬಟ್ಟೆ ಒಣಗಿಸುವ ತಂತಿ ಕಣ್ಣ ಮುಂದೆ ಬಂತು. ಎರಡು ಮನೆ ಆಚೆ ಇದ್ದ ರಾಮಾನುಜ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿದ್ದು ನಿವೃತ್ತರಾದವರು. ಹೆಂಡತಿ ಆಂಡಾಳ್‌ಗೆ ಲಕ್ವ ಹೊಡೆದ ಮೇಲೆ ಆ ಮನೆಯ ಬಾಗಿಲು ತೆರೆದದ್ದನ್ನು ಬೀದಿಯವರು ಕಂಡಿರಲಿಲ್ಲ. ತಂತಿಯ ಮೇಲೆ ಮಾತ್ರ ದಿನವೂ ಹಾಸಿಗೆ ವಸ್ತ್ರ ಒಣಗುತ್ತಿತ್ತು.

ಸಂಜೆ ನಾಗಭೂಷಣ್ ಆ ಬಾಗಿಲು ತಟ್ಟಿದರು. ರಾಮಾನುಜ ಅರ್ಧ ಬಾಗಿಲು ತೆರೆದು, ವಿಷಯ ಕೇಳಿ, ಬೇಡವೆಂದು ತಲೆ ಆಡಿಸಿದರು.

"ನಮ್ಮನೆದು ನಾನೇ ನೋಡ್ಕೋತಿದೀನಿ. ಯಾರೂ ಬೇಡ. ಅಲ್ದೆ ಯಾರ್ಯಾರ್ದೋ ಮನೇಲಿ ಯಾವ್ಯಾವ್ದೋ ರೋಗಿ ಮುಟ್ಕೊಂಡು ಬರೋರು…"

"ಕೈ ತೊಳ್ಕೊಂಡೇ ಬರ್ತಾರೆ ಸ್ವಾಮಿ. ನಮ್ಮಕ್ಕನಿಗಿಂತ ಮಡಿ ಮಾಡೋರು ಈ ಬೀದೀಲಿದಾರಾ? ಅವ್ರೇ ಒಪ್ಪಿದಾರೆ."

ಒಳಗಿಂದ ಏನೋ ಅಸ್ಪಷ್ಟ ಸದ್ದು ಬಂತು. ರಾಮಾನುಜ ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ ಮರಳಿದರು. ಈ ಸಲ ಬಾಗಿಲು ಪೂರ್ತಿ ತೆರೆದೇ ಇತ್ತು. ಅವರ ಕೈಯಲ್ಲಿ ಬಾಚಣಿಗೆ.

"ಎಲ್ಲಾ ಕಲಿತುಕೊಂಡೆ," ಎಂದರು ತಗ್ಗಿದ ದನಿಯಲ್ಲಿ. "ಜಡೆ ಹಾಕೋದೊಂದು ಬರಲ್ಲ. ಸಿಕ್ಕುಗಟ್ಟಿ ಹೋಗಿದೆ. ಕತ್ತರಿಸಿಬಿಡೋಣ ಅಂದ್ರೆ ಅಳ್ತಾಳೆ." ಬಾಚಣಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಒಂದು ವಾರ ಬರ್ಲಿ. ನೋಡೋಣ."

ಎರಡು ಮನೆ ಆಯಿತು. ಆದರೂ ದಿನ ತುಂಬಲಿಲ್ಲ. ಮೂರನೆಯವರು ಬೀದಿ ಕೊನೆಯ ಬೈರಯ್ಯ, ಮರಗೆಲಸದವರು. ಸಕ್ಕರೆ ಕಾಯಿಲೆಯಿಂದ ಅವರ ಕಾಲಿನ ಗಾಯ ಮಾಗದೆ ದಿನಾ ಬ್ಯಾಂಡೇಜು ಬದಲಿಸಬೇಕಿತ್ತು. ಸೊಸೆ ಬೆಳಕು ಹರಿಯುವ ಮುಂಚೆ ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗಿಬಿಡುತ್ತಿದ್ದಳು. "ದುಡ್ಡು ಎಲ್ಲಿಂದ ತರ್ಲಿ ಸಾಮಿ?" ಎಂದರು ಬೈರಯ್ಯ. "ಕಾಲು ಹೋಗಿದೆ, ಕೈ ಚೆನ್ನಾಗಿದೆ. ಕೂತ್ಕೊಂಡು ಮಾಡೋ ಕೆಲ್ಸ ಏನಾದ್ರೂ ಇದ್ರೆ ಹೇಳಿ."

ಅಂಥ ಕೆಲಸವಿತ್ತು. ಗಿರಿಜಾಂಬಾ ಮಂಚದಿಂದ ನಡುಮನೆಯವರೆಗೆ ಹಿಡಿದು ನಡೆಯಲು ಗೋಡೆಯುದ್ದಕ್ಕೆ ಮರದ ಹಿಡಿ ಬೇಕೆಂದು ಶೈಲಜಮ್ಮ ಹೇಳಿದ್ದರು. ಆಂಡಾಳ್‌ಗೆ ಕಕ್ಕಸಿಗೆ ಕೂರಲು ನಡುವೆ ತೂತಿರುವ ಕುರ್ಚಿ ಬೇಕಿತ್ತು. ಅವನ್ನು ಮಾಡಿಕೊಟ್ಟರೆ ಕೆಲವು ತಿಂಗಳು ಬೈರಯ್ಯನವರ ಪಾಲನ್ನು ಉಳಿದಿಬ್ಬರು ಹಂಚಿಕೊಳ್ಳುವುದು ಎಂದಾಯಿತು.

ಲೆಕ್ಕ ಹಾಕಿದರೂ ನಾಗಭೂಷಣ್ ಪಾಲು ಭಾರವೇ ಆಗಿತ್ತು. ಮಂಡಿಯ ಪಾಲುದಾರರ ಹತ್ತಿರ ಕೈಗಡ ಕೇಳುವ ಯೋಚನೆಯನ್ನು ಅಕ್ಕನ ಮುಂದೆ ಬಾಯಿಬಿಟ್ಟರು. ಗಿರಿಜಾಂಬಾ ಓದುತ್ತಿದ್ದ ಪೇಪರನ್ನು ಮಡಿಸಿಟ್ಟರು.

"ನನ್ನ ಪೆನ್ಷನ್ ಬ್ಯಾಂಕಲ್ಲಿ ಬಿದ್ದಿದೆಯಲ್ಲ?"

"ಅದು ನಿಮ್ಮದು ಅಕ್ಕ. ನಂಗೆ ಬೇಡ."

"ನಿಂಗೆ ಯಾರು ಕೊಟ್ರು? ನನ್ನ ಕಾಲಿಗೆ ನಾನು ಖರ್ಚು ಮಾಡ್ತೀನಿ. ಅಷ್ಟು ವರ್ಷ ಮಿಷನ್ ತುಳಿದ ಕಾಲಿದು, ದುಡಿದದ್ದು ಅದಕ್ಕೇ ಸೇರ್ಲಿ."

"ಜನ ಏನಂತಾರೆ, ತಮ್ಮ ಇದ್ದೂ…"

"ಜನ ಬಂದು ನನ್ನನ್ನ ಮಗ್ಗುಲು ಬದಲಾಯಿಸ್ತಾರಾ? ಚೆಕ್ ಪುಸ್ತಕ ತಗೊಂಡ್ಬಾ."

ಅಕ್ಕ ಚೆಕ್ಕಿಗೆ ರುಜು ಹಾಕಿಕೊಟ್ಟರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಹೀಗೆ ಬೈದದ್ದು ಅದೇ ಮೊದಲು ಎಂದು ನಾಗಭೂಷಣ್‌ಗೆ ಹೊಳೆದು, ಎದೆ ಹಗುರಾಯಿತು.

ಹೀಗೆ ಶೈಲಜಮ್ಮ ಮೂರು ಮನೆಯವರಾದರು. ಬೆಳಿಗ್ಗೆ ಗಿರಿಜಾಂಬಾ, ಆಮೇಲೆ ಬೈರಯ್ಯನ ಬ್ಯಾಂಡೇಜು, ಹನ್ನೊಂದರ ಹೊತ್ತಿಗೆ ಆಂಡಾಳ್, ಸಂಜೆ ಮತ್ತೆ ಒಂದು ಸುತ್ತು. ಭಾನುವಾರ ರಜ. ಆರಂಭದಲ್ಲಿ ಎಲ್ಲ ನಯವಾಗಿ ನಡೆಯಿತೆಂದಲ್ಲ. ರಾಮಾನುಜ ಗಡಿಯಾರ ನೋಡುತ್ತಾ ಗೇಟಿನಲ್ಲಿ ನಿಂತಿರುತ್ತಿದ್ದರು. ಕಾಲು ಗಂಟೆ ತಡವಾದರೆ ನಾಗಭೂಷಣ್‌ವರೆಗೂ ದೂರು ಬರುತ್ತಿತ್ತು. ಒಂದು ದಿನ ಶೈಲಜಮ್ಮ ಅವರನ್ನು ಕರೆದು, "ಗಡಿಯಾರ ನೋಡೋ ಬದಲು ಅಮ್ಮನ ಈ ಕೈ ಹಿಡ್ಕೊಳ್ಳಿ. ಹೀಗೆ ಮಡಿಸಿ, ಹೀಗೆ ಬಿಡಿಸಿ. ನಾನು ಬರೋಷ್ಟರಲ್ಲಿ ಮುಗಿಸಿರಿ," ಎಂದು ಕೆಲಸ ಹಚ್ಚಿದರು. ದೂರು ನಿಂತಿತು. ಆಂಡಾಳ್ ಅವರ ಸಿಕ್ಕನ್ನು ಕೊಬ್ಬರಿ ಎಣ್ಣೆ ಹಚ್ಚಿ ದಿನಕ್ಕಿಷ್ಟರಂತೆ ಬಿಡಿಸಿ, ಮೂರು ಎಳೆಯ ಜಡೆ ಹಾಕಿದ ದಿನ ರಾಮಾನುಜ ಮಲ್ಲಿಗೆ ತರಲು ಗಾಂಧಿ ಬಜಾರಿನವರೆಗೆ ನಡೆದು ಹೋದರಂತೆ.

ಬೈರಯ್ಯ ತಾವೇ ಕುಂಟುತ್ತಾ ಬಂದು ಗೋಡೆಗೆ ಹಿಡಿ ಕೂರಿಸಿದರು. ಹೊನ್ನೆಮರ, ಕೈಗೆ ಚುಚ್ಚದಂತೆ ಉಜ್ಜಿ ನುಣುಪು ಮಾಡಿದ್ದು. ಆದರೆ ಗಿರಿಜಾಂಬಾ ಅದನ್ನು ಹಿಡಿದು ನಿಂತರೇ ಹೊರತು ಕಾಲು ಮುಂದಿಡಲಿಲ್ಲ. ಹಣೆಯ ಮೇಲೆ ಬೆವರು ಬಂತು.

"ಆಗಲ್ಲ ಶೈಲಜಾ. ಬಿದ್ದಿದ್ದು ಕಣ್ಮುಂದೆ ಬರುತ್ತೆ."

"ಬರ್ಲಿ ಬಿಡಿ. ನಾಳೆ ನೋಡೋಣ," ಎಂದು ಶೈಲಜಮ್ಮ ಮತ್ತೆ ಕೂರಿಸಿದರು. ನಾಳೆಯೂ ಹಾಗೇ ಆಯಿತು, ನಾಡಿದ್ದೂ. ನಾಗಭೂಷಣ್ ಒಳಗೊಳಗೇ ಕುದಿಯುತ್ತಿದ್ದರು. ಒತ್ತಾಯ ಮಾಡಬಾರದೇ ಎಂದು ಕೇಳಿದ್ದಕ್ಕೆ ಶೈಲಜಮ್ಮ, "ಭಯ ಇಳಿಯೋಕೆ ಅದ್ರದೇ ಟೈಮ್ ಬೇಕು ಸಾರ್," ಎಂದರು.

ಸಂಕ್ರಾಂತಿಯ ಬೆಳಿಗ್ಗೆ ನಾಗಭೂಷಣ್ ಅಡುಗೆಮನೆಯಲ್ಲಿ ಎಳ್ಳು ಹುರಿಯುತ್ತಿದ್ದರು. ಒಲೆ ಜೋರಾಗಿ ಎಳ್ಳು ಸಿಡಿದು ಸೀಯತೊಡಗಿತು. "ಉರಿ ತಗ್ಗಿಸೋ, ಎಷ್ಟು ಸಲ ಹೇಳೋದು," ಎಂಬ ದನಿ ಮಂಚದ ಕಡೆಯಿಂದಲ್ಲ, ಬಹಳ ಹತ್ತಿರದಿಂದ ಕೇಳಿಸಿತು. ತಿರುಗಿ ನೋಡಿದರೆ ಗೋಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಅಕ್ಕ ನಡುಮನೆಯಲ್ಲಿ ನಿಂತಿದ್ದಾರೆ. ಒಂದು ಮೊಳ ಹಿಂದೆ, ಮುಟ್ಟದೆ, ಎರಡೂ ಕೈ ಚಾಚಿಕೊಂಡು ಶೈಲಜಮ್ಮ. ಸುಮ್ಮನಿರಿ ಎಂದು ಆಕೆ ಕಣ್ಣಲ್ಲೇ ಹೇಳಿದರು. ನಾಗಭೂಷಣ್ ಸುಮ್ಮನೆ ಉರಿ ತಗ್ಗಿಸಿದರು.

ಯುಗಾದಿಗೆ ಗಿರಿಜಾಂಬಾ ಕೋಲೂರಿಕೊಂಡು ಜಗುಲಿಗೆ ಬಂದರು. ಬೇಸಗೆಯಲ್ಲಿ ಒಂದು ದಿನ ಎರಡು ಮನೆ ದಾಟಿ ಆಂಡಾಳ್ ಅವರನ್ನು ನೋಡಲು ಹೋದರು. ಒಂದೇ ಬೀದಿಯಲ್ಲಿದ್ದೂ ಎಷ್ಟೋ ಕಾಲದಿಂದ ಇಬ್ಬರೂ ಮುಖ ನೋಡಿರಲಿಲ್ಲ. ಆಂಡಾಳ್‌ಗೆ ಮಾತು ಬರುತ್ತಿರಲಿಲ್ಲ, ಗಿರಿಜಾಂಬಾ ಅವರಿಗೆ ಅದರ ಕೊರತೆ ಇರಲಿಲ್ಲ. ಹಾಗಾಗಿ ಜೋಡಿ ಚೆನ್ನಾಗಿಯೇ ಹೊಂದಿತು. ಅಂದಿನಿಂದ ಅದು ದಿನಚರಿಯಾಯಿತು. ಬೈರಯ್ಯನ ಗಾಯವೂ ಮಾಗಿತು. ಒಂದು ಬೆರಳು ಹೋಯಿತು, ಕಾಲು ಉಳಿಯಿತು. ಆದರೂ ಗಿರಿಜಾಂಬಾ ಅವರ ಸ್ನಾನಕ್ಕೆ, ಮತ್ತೆ ಗಾಯವಾಗದಂತೆ ಬೈರಯ್ಯನ ಕಾಲು ನೋಡುವುದಕ್ಕೆ ಶೈಲಜಮ್ಮ ಬರುತ್ತಲೇ ಇದ್ದರು; ಕೆಲಸಕ್ಕೆ ಮರಳಿದ ಬೈರಯ್ಯ ಈಗ ತಮ್ಮ ಪಾಲನ್ನು ತಾವೇ ಕೊಡುತ್ತಿದ್ದರು.

ಎರಡು ಸಾವಿರದ ಮೂರರಲ್ಲಿ ಆಂಡಾಳ್ ನಿದ್ದೆಯಲ್ಲೇ ತೀರಿಕೊಂಡರು. ಮೈಮೇಲೆ ಒಂದು ಹುಣ್ಣಿರಲಿಲ್ಲ. ಜಡೆ ಹಾಕಿಯೇ ಇತ್ತು. ಕರ್ಮಗಳೆಲ್ಲ ಮುಗಿದ ಮೇಲೆ ತಿಂಗಳ ಮೊದಲ ದಿನ ರಾಮಾನುಜ ಎಂದಿನಂತೆ ಶೈಲಜಮ್ಮನ ಸಂಬಳದ ತಮ್ಮ ಪಾಲು ಹಿಡಿದುಕೊಂಡು ಬಂದರು.

"ಇನ್ನು ನೀವು ಕೊಡ್ಬೇಕಾಗಿಲ್ಲ ಸ್ವಾಮಿ," ಎಂದರು ನಾಗಭೂಷಣ್.

"ಇರ್ಲಿ. ನಾನು ನಿಲ್ಸಿದ್ರೆ ನಿಮ್ಮಿಬ್ರಿಗೆ ಭಾರ ಆಗುತ್ತೆ. ಹನ್ನೊಂದು ಗಂಟೆಗೆ ಬಂದು ಕಾಫಿ ಕುಡಿದು ಹೋಗ್ಲಿ ಅವ್ರು. ಆ ಹೊತ್ತಿಗೆ ಮನೆ ಬಿಕೋ ಅನ್ನುತ್ತೆ."

ಕೆಲವು ವಾರ ಶೈಲಜಮ್ಮ ಹಾಗೇ ಬಂದು ಕಾಫಿ ಕುಡಿದು ಹೋದರು. ಅಷ್ಟರಲ್ಲಿ ಹಿಂದಿನ ರಸ್ತೆಯ ಮುನಿಸ್ವಾಮಿ, ತಾಯಿ ಜಾರಿ ಬಿದ್ದಿದ್ದಾರೆ, ಮನೆಗೆ ಬಂದು ನೋಡಿಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿಕೊಂಡು ಮಂಡಿಗೆ ಬಂದರು. ನಾಗಭೂಷಣ್ ಕೈಯಲ್ಲಿದ್ದ ತೊಗರಿಯನ್ನು ಚೀಲಕ್ಕೆ ಸುರಿದು, ಅಂಗೈ ಒರೆಸಿಕೊಂಡು ಎದ್ದರು. "ಬನ್ನಿ, ಹನ್ನೊಂದು ಗಂಟೆ ಹೊತ್ತು ಖಾಲಿ ಇದೆ. ರಾಮಾನುಜ ಅವ್ರನ್ನ ಒಂದು ಮಾತು ಕೇಳ್ಬಿಡೋಣ," ಎಂದು ಚಾಮರಾಜಪೇಟೆಯ ಕಡೆ ಅವರ ಜೊತೆ ಹೆಜ್ಜೆ ಹಾಕಿದರು.