ಗಿರಿಯಣ್ಣ ಎಣಿಸದ ಕೈಗಳು

ಗಿರಿಯಪ್ಪ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಸುರತ್ಕಲ್ ಮಾರ್ಕೆಟಿನಲ್ಲಿ, ಬಂಗುಡೆಗೆ ಐಸ್ ಹಾಕುತ್ತಿದ್ದಾಗ. ಪಕ್ಕದಲ್ಲಿ ಮೀನು ಮಾರುವ ಕುಶಲಾ ಹೇಳಿದಳು: "ನಮ್ಮ ಬೈಕಂಪಾಡಿ ಕಡಲ ಬದಿಗೆ ಗಲ್ಫಿನಿಂದ ಗಿರಿಯಪ್ಪ ಅಂತ ಒಬ್ಬರು ವಾಪಸು ಬಂದಿದ್ದಾರೆ, ವಾರಿಜಕ್ಕ. ಇಡೀ ಲೋಕಕ್ಕೆ ಒಂದೇ ಸಭೆ ಬೇಕಂತೆ."

"ಮೊದಲು ಅವರ ಮನೆಯ ಬಾವಿಗೆ ಹಗ್ಗ ಉಂಟಾ ಕೇಳು," ಎಂದು ನಾನು ನಕ್ಕಿದ್ದೆ.

ಊರಿಗೆಲ್ಲ ಅವರು ಗಿರಿಯಣ್ಣ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಗಲ್ಫಿನ ದೋಣಿಯಲ್ಲಿ ನಾಲ್ಕೈದು ದೇಶದವರು ಒಟ್ಟಿಗೆ ದುಡಿಯುತ್ತಿದ್ದರಂತೆ. ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ಬಲೆ ಎಲ್ಲಿ ಬಿಡುವುದೆಂದು ಎಲ್ಲರೂ ಕೈ ಎತ್ತಿಯೇ ತೀರ್ಮಾನಿಸುತ್ತಿದ್ದರಂತೆ. ಲೋಕವೂ ಹಾಗೆಯೇ ನಡೆಯಬೇಕೆಂದು ಯಾರು ಸಿಕ್ಕಿದರೂ ಅದೇ ಮಾತು.

ಅವರು ಬಂದ ಕೆಲವು ವರ್ಷಕ್ಕೆ ಹೊರದೇಶದ ಹಡಗೊಂದು ನಮ್ಮ ಕಡಲಿನಲ್ಲಿ ಮುಳುಗಿತು. ಅದರಿಂದ ಸೋರಿದ ಎಣ್ಣೆಗೆ ಹೆದರಿ ಜನ ಮೀನು ಮುಟ್ಟಲಿಲ್ಲ. ನನ್ನ ಬುಟ್ಟಿ ಹೋದ ಹಾಗೆಯೇ ಮನೆಗೆ ಬರುತ್ತಿತ್ತು. ಹಡಗಿನ ಧಣಿ ಒಂದು ದೇಶದವನು, ಬಾವುಟ ಇನ್ನೊಂದರದ್ದು. ಯಾರನ್ನು ಕೇಳಿದರೂ ನಮಗೆ ಸಂಬಂಧ ಇಲ್ಲ ಎಂದರು.

ಆಗ ಕೊಚ್ಚಿಯಲ್ಲಿ ಹಲವು ದೇಶಗಳ ಮೀನುಗಾರರು ಸೇರುವ ಸುದ್ದಿ ಬಂತು. ಇಡೀ ಕಡಲಿಗೆ ಒಂದು ಸಭೆ ಬೇಕೆಂದು ಕೇಳಲು ನಮ್ಮೂರಿನವನೂ ಒಬ್ಬ ಹೋಗಲಿ ಎಂದು ಗಿರಿಯಣ್ಣ ಭಜನಾ ಮಂದಿರದಲ್ಲಿ ಊರವರನ್ನು ಸೇರಿಸಿದರು.

ನಮ್ಮ ಊರ ಸಭೆಯಲ್ಲಿ ಎಣಿಸುವುದು ಮನೆಗೆ ಒಂದು ಕೈ, ಅದೂ ಗಂಡಸಿನದ್ದು. ನನ್ನವರು ಹೋದ ಮೇಲೆ ನಮ್ಮ ಮನೆಗೆ ಕೈಯೇ ಇಲ್ಲ. ಮೀನು ಮಾರುವ ಹೆಂಗಸರೆಲ್ಲ ಮೆಟ್ಟಿಲ ಕೆಳಗೆ ನಿಂತಿದ್ದೆವು.

"ಆ ಸಭೆಯಲ್ಲಿ ಚೀನಾದವರ ಅಷ್ಟೊಂದು ಕೈ ಎಣಿಸುವಾಗ ನಮ್ಮದು ಯಾರಿಗೆ ಕಾಣ್ತದೆ ಗಿರಿಯಣ್ಣ?" ಎಂದ ದೋಣಿಯ ಮುಖೇಶ್.

"ಈಗ ಯಾರಿಗೆ ಕಾಣ್ತದೆ ಮಾರಾಯ?"

ಕುಶಲಾ ಕೆಳಗಿನಿಂದಲೇ ಹೇಳಿದಳು: "ನಮ್ಮನ್ನೂ ಎಣಿಸಿ. ನಾವೆಲ್ಲ ನಿಮ್ಮ ಕಡೆಗೇ."

"ಕ್ರಮ ಅಂದರೆ ಕ್ರಮ, ಕುಶಲಾ. ಅದನ್ನು ಈಗ ಎಳೆಯಬೇಡ," ಎಂದರು ಗಿರಿಯಣ್ಣ.

ಎರಡೋ ಮೂರೋ ಕೈ ಕಡಿಮೆಯಾಗಿ ಗಿರಿಯಣ್ಣ ಸೋತರು; ಕೊಚ್ಚಿಗೆ ಯಾರೂ ಹೋಗಲಿಲ್ಲ. ಕೆಳಗೆ ನಾವು ಅದಕ್ಕಿಂತ ಎಷ್ಟೋ ಹೆಚ್ಚು ಜನ ಇದ್ದೆವು.

ಲೋಕಕ್ಕೆಲ್ಲ ಒಂದು ಸಭೆ ಆಗುತ್ತಿತ್ತೋ ಇಲ್ಲವೋ, ಆಗಿದ್ದರೆ ಒಳ್ಳೆಯದೋ ಅಲ್ಲವೋ, ನಾಲ್ಕನೆಯ ಕ್ಲಾಸಿನವರೆಗೆ ಓದಿದ ನನಗೆ ತಿಳಿಯದು. ನಮ್ಮವರೊಬ್ಬರು ಹೋಗಿ ಕೇಳಬಹುದಿತ್ತು. ಆ ಸಂಕಟ ಇನ್ನೂ ಹೋಗಿಲ್ಲ.

ಮುಂದೆ ಗಿರಿಯಣ್ಣ ಹಾಸಿಗೆ ಹಿಡಿದಾಗ ನಾನು ಗಂಜಿ ಕೊಂಡುಹೋಗುತ್ತಿದ್ದೆ. ಒಂದು ದಿನ ಚಮಚ ದೂಡಿದರು.

"ನಾನು ಹೋದರೆ ಈ ಮನೆಗೂ ಕೈ ಇಲ್ಲ, ವಾರಿಜ."

"ಕ್ರಮ ಅಂದರೆ ಕ್ರಮ ಅಲ್ವಾ ಗಿರಿಯಣ್ಣ?" ಬಾಯಿಗೆ ಬಂದೇ ಬಿಟ್ಟಿತು.

ದೂಡಿದ ಚಮಚವನ್ನು ತಾವೇ ಎತ್ತಿಕೊಂಡರು. ಮತ್ತೆ ಕೇಳಿದರು: "ಮುಂದಿನ ಸಭೆಗೆ ಮೆಟ್ಟಿಲು ಹತ್ತು. ಅವರು ಎಣಿಸದಿದ್ದರೂ, ಒಮ್ಮೆ ಕೈ ಎತ್ತುತ್ತೀಯಾ?"