ಸಪ್ಪಳವಿಲ್ಲದ ಫ್ರಿಜ್ಜು

ಕಳೆದ ವಾರ ಹಾವೇರಿಯ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಫ್ರಿಜ್ಜಿನ ಬಾಗಿಲು ತೆಗೆದೆ. ನನ್ನ ಬಾಡಿಗೆ ಖೋಲಿಗೆ ಒಂದು ಬೇಕಾಗಿತ್ತು. ಹಸಿವಾದಾಗ ತೆರೆದು, ಒಳಗೆ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲಿಕ್ಕಾದರೂ ಮನುಷ್ಯನಿಗೆ ಒಂದು ಫ್ರಿಜ್ಜು ಬೇಡವೇ? ಬಾಗಿಲಿನ ರಬ್ಬರಿನಿಂದ ವಾಸನೆ ಬಂತು... ಹುಳಿ ಮಜ್ಜಿಗೆ, ಮೆಂತ್ಯದ ಹಿಟ್ಟು, ಒದ್ದೆ ತುಕ್ಕು. ಹಿಂದಿನಿಂದ ಅಂಗಡಿಯವರು, "ಇನ್ನೂ ನಾಲ್ಕೈದು ವರ್ಷ ಆರಾಮ ಬರತೈತ್ರಿ" ಎನ್ನುತ್ತಿದ್ದರು. ನನಗೆ ಮಾತ್ರ ಬ್ಯಾಡಗಿಯ ನಮ್ಮ ಬಾಜೂ ಮನೆಯ ದೊಡ್ಡವ್ವ ನೆನಪಾದಳು.

ದೊಡ್ಡವ್ವ ಅಂದರೆ ರಕ್ತಸಂಬಂಧವೇನಲ್ಲ. ಎರಡೂ ಮನೆಗೆ ನಡುವೆ ಒಂದೇ ಗೋಡೆ, ಅಷ್ಟೇ ಸಂಬಂಧ. ಸಕ್ಕರೆ ಕಾಯಿಲೆ ಅವಳ ಎರಡೂ ಕಣ್ಣು ತಿಂದಿತ್ತು. ಆದರೂ ಕೋಲು ಹಿಡಿಯದೆ ಮನೆ ತುಂಬ ಓಡಾಡುತ್ತಿದ್ದಳು. ಪಡಸಾಲೆಯ ಫ್ಯಾನು ಟಕ್ ಟಕ್ ಎನ್ನುವುದು ಅವಳ ಮಂಚದ ಮೇಲೆ. ಫ್ರಿಜ್ಜು ಗುಂಯ್‌ಗುಡುವುದು ಅಡುಗೆಮನೆಯ ಬಾಗಿಲ ಬಲಕ್ಕೆ. ಫ್ಯಾನಿಗೆ ಬೆನ್ನು ಮಾಡಿ ಫ್ರಿಜ್ಜಿನ ಕಡೆ ನಡೆದರೆ ಅವಳಿಗೆ ಒಲೆ ಸಿಗುತ್ತಿತ್ತು. ಫ್ರಿಜ್ಜು ಸುಮ್ಮನಾದರೆ ಅವಳೂ ನಿಂತುಬಿಡುವಳು, ಅದು ಶುರುವಾದ ಮೇಲೆ ಮುಂದಿನ ಹೆಜ್ಜೆ. ಕರೆಂಟು ಹೋದರೆ ಮಂಚದ ಮೇಲೆ ಕುಳಿತು ಕರೆಂಟಿನವರನ್ನು ಬಯ್ಯುವಳು. ಚಹಾ ತಾನೇ ಮಾಡುವಳು. ಯಾರನ್ನೂ ಕರೆಯಬಾರದು ಎನ್ನುವುದು ಅವಳ ಹಟ. "ಕಣ್ಣ ಹೋಗ್ಯಾವ, ಕೈಕಾಲ ಹೋಗಿಲ್ಲ" ಎನ್ನುತ್ತಿದ್ದಳು.

ನನಗೆ ಆಗ ಇದ್ದ ಕೆಲಸ ಒಂದೇ, ಮಂದಿಯ ದನಿಯನ್ನು ಅವರಂತೆಯೇ ಅಣಕಿಸುವುದು. ಗುತ್ತಲದ ಬಸ್ಸಿನ ಕಂಡಕ್ಟರ್, ನಮ್ಮಪ್ಪನ ಕೆಮ್ಮು, ಇಂಗ್ಲಿಷ್ ಮಾತಾಡಲು ಹೋಗಿ ನಡುವೆ ಸಿಕ್ಕಿಬೀಳುವ ನಾನು... ಎಲ್ಲವನ್ನೂ ಅವಳ ಮುಂದೆ ಮಾಡುತ್ತಿದ್ದೆ. ಒಂದು ದಿನ ಫ್ರಿಜ್ಜನ್ನೇ ಮಾಡಿದೆ. ಸೆರಗು ಬಾಯಿಗಿಟ್ಟು ನಕ್ಕಳು.

"ಛಲೋ ಮಾಡ್ತಿ, ಮಂಗ್ಯಾ. ಆದ್ರ ಬಂದ್ ಆಗುಮುಂದ ಚಳಿ ಬಂದವರಂಗ ಗಡಗಡಾ ನಡಗತೈತಿ ನೋಡು, ಅದನ್ನ ಬಿಟ್ಟಿ."

"ಅದು ಚಳೀಗೆ ನಡಗೂದಿಲ್ಲ ದೊಡ್ಡವ್ವಾ, ನಿನಗ ಅಂಜಿ ನಡಗತೈತಿ."

ಫ್ರಿಜ್ಜಿಗೆ ವಯಸ್ಸಾಗಿತ್ತು. ಮುಟ್ಟಿದರೆ ಜುಂ ಎಂದು ಶಾಕ್ ಹೊಡೆಯತೊಡಗಿತು. ರಿಪೇರಿಯವರು ಬಂದು ನೋಡಿ, "ಫ್ರಿಜ್ ಬರೂದ ಹತ್ತ-ಹದಿನೈದು ವರ್ಷ ರೀ. ಇದು ಅದನ್ನೂ ದಾಟಿ ಓಡಾಕತ್ತೈತಿ. ಫ್ಯಾನಿಂದೂ ಬೇರಿಂಗ್ ಹೋಗೇತಿ" ಎಂದರು. ಕಣ್ಣಿಲ್ಲದ ತಾಯಿ ಒದ್ದೆ ಕೈಯಲ್ಲಿ ಮುಟ್ಟಿದರೆ ಗತಿಯೇನು ಎಂದು ಅವಳ ಮಗ ಹೆದರಿದರು. ದೀಪಾವಳಿಗೆ ರಾಣೇಬೆನ್ನೂರಿಗೆ ಹೋಗಿ ಎರಡನ್ನೂ ಹೊಸದು ತಂದರು. ಹಳೆಯವು ಅದೇ ಗಾಡಿಯಲ್ಲಿ ವಾಪಸು ಹೋದವು. ಪಾಡ್ಯದ ದಿನ ಸೊಸೆ, ಅಂದರೆ ನಮ್ಮ ವೈನಿ, ಹೊಸ ಫ್ರಿಜ್ಜಿಗೆ ವಿಭೂತಿ ಬಳಿದು ಆರತಿ ಎತ್ತಿದರು. ನಾವೆಲ್ಲ ಅದಕ್ಕೆ ಕಿವಿ ಹಚ್ಚಿ, ಒಂಚೂರೂ ಸಪ್ಪಳವಿಲ್ಲ ನೋಡು ಎಂದು ಹೊಗಳಿದ್ದೇ ಹೊಗಳಿದ್ದು.

ದೊಡ್ಡವ್ವ ಮಂಚದಿಂದ ಎದ್ದಳು. ಪಡಸಾಲೆಯ ನಡುವೆ ಬಂದು ನಿಂತು ಕೈ ಮುಂದೆ ಚಾಚಿದಳು.

"ಅಡಗಿಮನಿ ಎಲ್ಲಿ ಹೋತು?"

ನಾವು ನಕ್ಕೆವು. ಅವಳು ನಗಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟಳು, ಹಣೆ ಗೋಡೆಗೆ ಬಡಿಯಿತು.

ಮಗ ಮರುದಿನವೇ ಹಳೇ ಫ್ರಿಜ್ಜನ್ನು ಹುಡುಕಿಕೊಂಡು ಹೋದರು. ಅಷ್ಟರಲ್ಲಿ ಅದನ್ನು ಗುಜರಿಯಲ್ಲಿ ಬಿಚ್ಚಿ ಹಾಕಿದ್ದರು. ಹೊಸ ಫ್ರಿಜ್ಜಿನ ಮೇಲೆ ರೇಡಿಯೋ ಇಟ್ಟು ನೋಡಿದರು. "ಇದು ಎಲ್ಲಾರ ಕೂಡ ಮಾತಾಡತೈತಿ, ನನ್ನ ಕರಿಯಂಗಿಲ್ಲ" ಎಂದು ಬಂದ್ ಮಾಡಿಸಿದಳು.

ಕೊನೆಗೆ ನಾನೇ ಫ್ರಿಜ್ಜಾದೆ. ಸಂಜೆ ಹೋಗಿ ಬಾಗಿಲ ಬಲಕ್ಕೆ ನಿಂತು ಗುಂಯ್ ಎನ್ನುತ್ತಿದ್ದೆ. ಅವಳು ಎದ್ದು, ನೆಟ್ಟಗೆ ನಡೆದು ಬಂದು, ನನ್ನ ಎದೆ ಮುಟ್ಟಿ, "ಇದು ಶಾಕ್ ಹೊಡಿಯಂಗಿಲ್ಲ ಬಿಡು" ಎಂದು ಚಹಾಕ್ಕೆ ಇಡುತ್ತಿದ್ದಳು. ಡಿಗ್ರಿ ಮುಗಿಸಿ ಫ್ರಿಜ್ಜಾದವನು ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಆಮೇಲೆ ನನಗೆ ಹಾವೇರಿಯಲ್ಲಿ, ಮದುವೆಗಳಲ್ಲಿ ಮೈಕು ಹಿಡಿದು ಮಂದಿಯನ್ನು ನಗಿಸುವ ಕೆಲಸ ಸಿಕ್ಕಿತು. ಆ ಮನೆ ಮತ್ತೆ ಸುಮ್ಮನಾಯಿತು...

ಆಗ ದೊಡ್ಡವ್ವ ಕರೆಯಲು ಕಲಿತಳು. "ಯವ್ವಾ, ಒಂಚೂರು ನೀರ ಕೊಡ್ತೀಯೇನ..." ದನಿ ಸಣ್ಣದು, ಕೊನೆಯ ಅಕ್ಷರ ಬಾಯೊಳಗೇ ಉಳಿಯುವಂಥದು. ವೈನಿ ಒಮ್ಮೆಯೂ ಬೇಸರಿಸಲಿಲ್ಲ. "ಬಂದೇರಿ ಅತ್ತಿ" ಎಂದು ಕೈಯಲ್ಲಿದ್ದುದನ್ನು ಬಿಟ್ಟು ಓಡುತ್ತಿದ್ದರು. ಹಾಗೆ ಓಡಿ ಬರುವ ಹೆಜ್ಜೆ ಕೇಳಿದಾಗಲೆಲ್ಲ ದೊಡ್ಡವ್ವ ಮುಖ ಗೋಡೆಗೆ ತಿರುಗಿಸುತ್ತಿದ್ದಳು.

ಒಮ್ಮೆ ಊರಿಗೆ ಹೋದಾಗ, "ಫ್ರಿಜ್ಜಿನ ಸಪ್ಪಳ ಮಾಡಲೇನು ದೊಡ್ಡವ್ವಾ?" ಎಂದು ಕೇಳಿದೆ.

"ಬ್ಯಾಡೋ ತಮ್ಮಾ. ನೀ ಹೋದಮ್ಯಾಗ ಮತ್ತ ಹುಡುಕೂದ ಆಗತೈತಿ."

ಆ ಬೇಸಿಗೆಯಲ್ಲಿ ಹೋಗಿಬಿಟ್ಟಳು. ಮಂಚ ಹಿಡಿದ ಮೇಲೆ ಮನುಷ್ಯರು ಎಷ್ಟು ದಿನ ಬರುತ್ತಾರೆಂದು ಹೇಳುವ ರಿಪೇರಿಯವರು ಯಾರೂ ಇರಲಿಲ್ಲ.

ಕಳೆದ ವಾರ ಅಂಗಡಿಯಿಂದ ಬರಿಗೈಯಲ್ಲಿ ಹೊರಬಿದ್ದು ಬ್ಯಾಡಗಿಯ ಬಸ್ಸು ಹತ್ತಿದೆ. ಬಾಜೂ ಮನೆಯ ಹೊಸ್ತಿಲ ಮೇಲೆ ನಿಂತಾಗ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ವೈನಿ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಚೇಷ್ಟೆ ನನ್ನ ಬಾಯಿಗೆ ಹತ್ತಿದ ರೋಗ. ಯೋಚಿಸುವ ಮೊದಲೇ ದೊಡ್ಡವ್ವನ ದನಿ ಹೊರಬಿತ್ತು.

"ಯವ್ವಾ, ಒಂಚೂರು ನೀರ ಕೊಡ್ತೀಯೇನ..."

ಒಳಗೆ ರೊಟ್ಟಿಯ ಬಡಿತ ನಿಂತಿತು.

"ಬಂದೇರಿ ಅತ್ತಿ."

ವೈನಿ ಹಿಟ್ಟಿನ ಕೈಯಲ್ಲೇ ತಂಬಿಗೆ ಹಿಡಿದು ಬಂದರು. ಮಂಚವಿದ್ದ ಜಾಗವನ್ನು ನೋಡಿದರು. ಆಮೇಲೆ ನನ್ನನ್ನು. ಬಯ್ದಿದ್ದರೆ ಚೆನ್ನಾಗಿತ್ತು. ಬಯ್ಯಲಿಲ್ಲ.

"ತಗೋ, ನೀನ ಕುಡಿ" ಎಂದು ತಂಬಿಗೆಯನ್ನು ನನ್ನ ಕೈಗಿಟ್ಟರು.

ಎತ್ತಿ ಕುಡಿದೆ. ಇಡೀ ಮನೆಯಲ್ಲಿ ನಾನು ನೀರು ನುಂಗುವುದೊಂದೇ ಕೇಳುತ್ತಿತ್ತು.