ಒಂಬತ್ತನೇ ಕೊಠಡಿಯ ಮೂರು ಇತಿಹಾಸಗಳು

ಆಳಂದ. ೧೪ ಜೂನ್ ೧೯೮೭, ರವಿವಾರ. ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕುಳಿತೆ.

ಗಂಟೆ, ನಿಮಿಷ ಬರೆದಿಡುವುದು ನನಗಂಟಿದ ರೋಗ. ಇಂದು ಎಷ್ಟು ಸಲ ಕರೆಂಟು ಹೋಯಿತು, ಕಚೇರಿಯ ಗೋಡೆ ಗಡಿಯಾರ ಎಷ್ಟು ನಿಮಿಷ ಹಿಂದೆ ಬಿತ್ತು, ನಾನು ಎಷ್ಟು ರೊಟ್ಟಿ ತಿಂದೆ, ಎಲ್ಲದಕ್ಕೂ ನನ್ನ ದಿನಚರಿಯಲ್ಲಿ ಒಂದೊಂದು ಅಂಕಣವಿದೆ. ಇಷ್ಟು ಜಾಗ್ರತೆಯ ಮನುಷ್ಯ ತಪ್ಪು ಮಾಡಲಾರ ಎಂದು ನೀವು ತಿಳಿಯಬಹುದು. ನಾನೂ ತಿಳಿದಿದ್ದೆ. ಜಾಗ್ರತೆಯ ಮನುಷ್ಯನೂ ಎಲ್ಲರಷ್ಟೇ ತಪ್ಪು ಮಾಡುತ್ತಾನೆ, ಆದರೆ ತಾರೀಖು ಹಾಕಿ ಮಾಡುತ್ತಾನೆ ಎಂಬುದು ನನಗೆ ಈ ವರ್ಷ ತಿಳಿಯಿತು.

ತಪ್ಪು ಇಷ್ಟೇ. ಜಗತ್ತಿನಲ್ಲಿ ಎಲ್ಲಿಯೂ ಇಲ್ಲದ ಒಂದು ಬೇಹುಗಾರಿಕೆ ಇಲಾಖೆಯ ಬಗ್ಗೆ ನಾನು ಎಂಬತ್ತನಾಲ್ಕು ಪುಟಗಳ ಇತಿಹಾಸ ಬರೆದೆ. ಆ ಇತಿಹಾಸದ ಕಾರಣಕ್ಕೆ, ಇರುವ ಒಬ್ಬನೇ ಗೆಳೆಯನನ್ನು ಕಳೆದುಕೊಂಡೆ.

ಇಲಾಖೆಯ ಹೆಸರು ‘ಒಂಬತ್ತನೇ ಕೊಠಡಿ’. ಉಕ್ಕುಗರುಡ ಎಂಬ ಮಹಾಶೂರನ ಚಿತ್ರಕಥೆಗಳಲ್ಲಿ ಬರುತ್ತದೆ. ಉಕ್ಕುಗರುಡ ಮೋಡದ ಮೇಲೆ ಹಾರುತ್ತಾನೆ, ರೈಲನ್ನು ಒಂದು ಕೈಯಲ್ಲಿ ಎತ್ತುತ್ತಾನೆ. ಅವನ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಲೇ ಇಲ್ಲ. ಎಲ್ಲಿ ಹಾರಬೇಕು, ಯಾವ ರೈಲು ಎತ್ತಬೇಕು ಎಂದು ಅವನಿಗೆ ಚೀಟಿ ಕಳಿಸುವವರು ಯಾರು? ಎತ್ತಿದ ರೈಲನ್ನು ಮತ್ತೆ ಹಳಿಯ ಮೇಲಿಟ್ಟ ಬಗ್ಗೆ ವರದಿ ಯಾರಿಗೆ ಹೋಗುತ್ತದೆ? ಎರಡನೇ ದರ್ಜೆ ಗುಮಾಸ್ತನಿಗೆ ಬರುವ ಪ್ರಶ್ನೆಗಳು ಇವು. ಉತ್ತರವೆಲ್ಲ ಒಂಬತ್ತನೇ ಕೊಠಡಿಯಲ್ಲಿತ್ತು. ಆ ಇಲಾಖೆಗೆ ಎಂಟು ಕೊಠಡಿಗಳು ಎಲ್ಲರಿಗೂ ಕಾಣುವಂಥವು. ಒಂಬತ್ತನೆಯದಕ್ಕೆ ಸದಾ ಬೀಗ. ಒಬ್ಬ ಮುಖ್ಯಸ್ಥ, ಒಬ್ಬಳು ಟೈಪಿಸ್ಟು, ಸಾಲು ಸಾಲು ಕಪಾಟು. ಹಾರುವ ಶೂರನಿಗಿಂತ ಆ ಕಪಾಟುಗಳನ್ನು ನೋಡಿ ನನ್ನ ಎದೆ ಹೆಚ್ಚು ಹೊಡೆದುಕೊಂಡಿತು ಎಂದು ಹೇಳಿದರೆ ನಗಬೇಡಿ.

ಬೇಹುಗಾರರ ಮೇಲೆ ನಮ್ಮವರಿಗೆ ಮೊದಲಿನಿಂದಲೂ ಮೋಹ. ಹಳೆಯ ಕಾಲದ ರಾಜರು ಸನ್ಯಾಸಿಯ ವೇಷದಲ್ಲಿ, ವ್ಯಾಪಾರಿಯ ವೇಷದಲ್ಲಿ ಗೂಢಚಾರರನ್ನು ಬಿಡುತ್ತಿದ್ದರಂತೆ. ನಮ್ಮಜ್ಜ ನಿಜಾಮರ ಕಾಲದ ಮಾತು ತೆಗೆದರೆ ಗುಪ್ತ ಪೊಲೀಸರನ್ನು ಹೇಳುವ ‘ಖುಫಿಯಾ’ ಎಂಬ ಪದ ಬರುತ್ತಲೇ ದನಿ ತಗ್ಗಿಸುತ್ತಿದ್ದ. ಆ ರಾಜ್ಯ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಆದರೂ ತಗ್ಗಿಸುತ್ತಿದ್ದ. ನಾನು ಆ ರಕ್ತದವನು.

ಈಗ ಗೆಳೆಯನ ವಿಷಯ. ದೇವಿಂದ್ರಪ್ಪ ಮತ್ತು ನಾನು ಗುಲ್ಬರ್ಗಾದಲ್ಲಿ ಓದುವಾಗ ಮೂರು ವರ್ಷ ಒಂದೇ ಖೋಲಿಯಲ್ಲಿದ್ದವರು. ಓದು ಮುಗಿದ ಮೇಲೆ ಅವನು ಜೇವರ್ಗಿಯಲ್ಲಿ ಮಾಸ್ತರನಾದ, ನಾನು ಆಳಂದದಲ್ಲಿ ಗುಮಾಸ್ತನಾದೆ. ವಾರಕ್ಕೊಂದು ಕಾರ್ಡು ಬರೆಯಬೇಕೆಂದು ಮಾತಾಯಿತು. ಅವನಿಂದ ಬಂದ ಕಾರ್ಡುಗಳು ಅರವತ್ತೆಂಟು, ನಾನು ಬರೆದವು ಎಪ್ಪತ್ತು. ಈ ವ್ಯತ್ಯಾಸವನ್ನು ಅವನಿಗೆ ಆಗಾಗ ನೆನಪಿಸುತ್ತಿದ್ದೆ. ನನ್ನಂಥವನ ಗೆಳೆತನ ಎಂಥ ಕಷ್ಟವೆಂದು ಇದರಿಂದಲೇ ತಿಳಿಯುತ್ತದೆ.

ಆಳಂದದ ಬಸ್ ಸ್ಟ್ಯಾಂಡಿನ ಎದುರು ಕಲ್ಲಪ್ಪನವರ ಬಾಡಿಗೆ ಪುಸ್ತಕದ ಅಂಗಡಿ ಇದೆ. ಅಲ್ಲಿ ನೀಲಿ ಬಟ್ಟೆಯ ಬೈಂಡಿನ ಒಂದು ದಪ್ಪ ಪುಸ್ತಕ ಸಿಕ್ಕಿತು. ಬೆನ್ನಿನ ಮೇಲೆ ‘ಒಂಬತ್ತನೇ ಕೊಠಡಿ’ ಎಂದು ಬರೆದಿತ್ತು. ಹನ್ನೆರಡು ಸಂಚಿಕೆಗಳನ್ನು ಒಟ್ಟಿಗೆ ಹೊಲಿದಿದ್ದರು. ಹೊಲಿಯುವಾಗ ರಕ್ಷಾಪುಟ ಕಿತ್ತುಹಾಕಿದ್ದರು. ಸಂಚಿಕೆಯ ನಂಬರು ರಕ್ಷಾಪುಟದ ಮೇಲೆ ಮಾತ್ರ ಇರುತ್ತಿತ್ತು ಎಂಬುದು ಆಗ ನನಗೆ ದೊಡ್ಡ ವಿಷಯವೆನಿಸಲಿಲ್ಲ. ಸಂತೋಷದಿಂದ ದೇವಿಂದ್ರನಿಗೆ ಬರೆದೆ. ಜೇವರ್ಗಿಯ ಬಾಡಿಗೆ ಅಂಗಡಿಯಲ್ಲಿಯೂ ಅದೇ ನೀಲಿ ಬೈಂಡು, ಅದೇ ಹೆಸರು, ಅದೇ ಹನ್ನೆರಡು ಸಂಚಿಕೆ ಇದೆಯೆಂದು ಅವನಿಂದ ಉತ್ತರ ಬಂತು. ಇಬ್ಬರೂ ಒಂದೇ ಪುಸ್ತಕ ಓದುತ್ತಿದ್ದೇವೆಂದು ಕುಣಿದೆವು.

ನಾನು ಇತಿಹಾಸ ಬರೆಯಲು ಶುರುಮಾಡಿದೆ. ಕಷ್ಟಗಳು ಎದುರಾದವು. ಪ್ರತಿ ಸಂಚಿಕೆ ‘ಮುಂದುವರಿಯುವುದು’ ಎಂದು ಮುಗಿಯುತ್ತಿತ್ತು, ಮುಂದಿನದು ಬೇರೆಲ್ಲೋ ಶುರುವಾಗುತ್ತಿತ್ತು. ‘ಈ ಇಲಾಖೆ ತನ್ನ ಗುಟ್ಟನ್ನು ಓದುಗರಿಂದಲೂ ಕಾಯ್ದುಕೊಳ್ಳುತ್ತದೆ’ ಎಂದು ಬರೆದೆ. ಇಲಾಖೆಯ ಕಟ್ಟಡವನ್ನು ನಾಲ್ಕು ಸಲ ಹೊಸದಾಗಿ ಕಟ್ಟಿದ್ದರು, ಆದರೆ ಸುಟ್ಟದ್ದು ಒಂದೇ ಸಲ. ‘ಮುಂದಾಲೋಚನೆಯ ಆಡಳಿತ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಮುಖ್ಯಸ್ಥನ ಎಡಗೈಗೆ ಇದ್ದಕ್ಕಿದ್ದಂತೆ ಪಟ್ಟಿ ಕಟ್ಟಿತ್ತು, ಗಾಯವಾದದ್ದು ಎಲ್ಲಿಯೂ ಇರಲಿಲ್ಲ. ‘ವೇಷ’ ಎಂದು ಬರೆದೆ. ತಿಳಿಯದ್ದಕ್ಕೆಲ್ಲ ಆಳವಾದ ಅರ್ಥವಿದೆ ಎಂದು ನಂಬುವವನಿಗೆ ಪುಟ ತುಂಬಿಸುವುದು ಬಲು ಸುಲಭ.

ಮುಖ್ಯ ತೀರ್ಮಾನವೆಂದರೆ ಮುಖ್ಯಸ್ಥ ದ್ರೋಹಿ. ನನ್ನ ಪುಸ್ತಕದ ಮೂರನೇ ಸಂಚಿಕೆಯಲ್ಲಿ ಅವನು ಇಲಾಖೆಯ ನಕ್ಷೆಯನ್ನು ವೈರಿಯ ಕೈಯಲ್ಲಿಡುತ್ತಾನೆ, ಚಿತ್ರ ಸ್ಪಷ್ಟವಾಗಿತ್ತು. ದೇವಿಂದ್ರ ಒಪ್ಪಲಿಲ್ಲ. ಮುಖ್ಯಸ್ಥನಿಗೆ ಹಾರ ಹಾಕಿ, ಶಾಲು ಹೊದಿಸಿ ಮನೆಗೆ ಕಳಿಸಿದ್ದಾರೆ, ಅಲ್ಲಿಂದ ಮುಂದೆ ಇಲಾಖೆಗೆ ಮುಖ್ಯಸ್ಥನೇ ಇಲ್ಲ, ಎಲ್ಲ ನಡೆಸುವುದು ಟೈಪಿಸ್ಟು ಎಂದು ಬರೆದ. ನಾನು ಪುಟ ತಿರುವಿದೆ. ಹಾರ ಇಲ್ಲ, ಶಾಲು ಇಲ್ಲ. ನಕ್ಷೆ ಕೊಟ್ಟ ಮೇಲಿನ ಸಂಚಿಕೆಗಳಲ್ಲಿ ಮುಖ್ಯಸ್ಥನ ಸಹಿ ಅರವತ್ತಮೂರು ಸಲ ಬಂದಿತ್ತು, ಎಣಿಸಿದ್ದೆ. ಸಹಿ ಇದ್ದ ಮೇಲೆ ಮನುಷ್ಯ ಇದ್ದೇ ಇರುತ್ತಾನೆ ಎಂದು ಬರೆದೆ. ಕಚೇರಿಯಲ್ಲಿ ದಿನವೆಲ್ಲ ಕಾಗದ ಬರೆದು ಸಹಿಗೆ ಒಯ್ಯುವ ನಾನೇ ಇದನ್ನು ಬರೆದದ್ದು.

ವಾದ ಐದು ವಾರ ನಡೆಯಿತು. ಆರನೇ ವಾರ ಸಿಟ್ಟು ಬಂತು. ಕಾರ್ಡಿನಲ್ಲಿ ಉಳಿದಿದ್ದ ಎರಡು ಸಾಲಿನ ಜಾಗದಲ್ಲಿ ಬರೆದೆ: ‘ನೀನು ಓದದೆಯೇ ಓದಿದೆನೆನ್ನುವವನು. ಶಾಲೆಯ ಮಕ್ಕಳಿಗೂ ಹೀಗೇ ಕಲಿಸುತ್ತೀಯಾ?’

ಕಾರ್ಡು ಅವನ ಶಾಲೆಯ ವಿಳಾಸಕ್ಕೆ ಹೋಗುತ್ತಿತ್ತು. ತೆರೆದ ಕಾರ್ಡು. ಟಪಾಲಿನವನ ಕೈಯಿಂದ ಹೆಡ್ ಮಾಸ್ತರರ ಮೇಜು, ಅಲ್ಲಿಂದ ಉಳಿದ ಮಾಸ್ತರರ ಕೈ, ಕೊನೆಗೆ ಅವನು. ಅಂದಿನಿಂದ ಅವನನ್ನು ಕಂಡಾಗಲೆಲ್ಲ ಓದಿಕೊಂಡು ಬಂದೀರೇನ್ರಿ ಎಂದು ಯಾರಾದರೊಬ್ಬರು ಕೇಳುತ್ತಿದ್ದರಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಕಾರ್ಡು ಬರುವುದು ನಿಂತಿತೆಂದು ಮಾತ್ರ. ದಿನಚರಿಯಲ್ಲಿ ಹೊಸ ಅಂಕಣ ತೆರೆದೆ: ‘ದೇ. ಕಾರ್ಡಿಲ್ಲ’. ಪ್ರತಿ ರವಿವಾರ ಒಂದು ಗೆರೆ ಹಾಕುತ್ತ ಹೋದೆ. ಗೆರೆ ಹಾಕುವ ಬದಲು ಕ್ಷಮೆ ಕೇಳಿ ಒಂದು ಸಾಲು ಬರೆಯಬಹುದಿತ್ತು. ಆದರೆ ನನ್ನ ಹತ್ತಿರ ಅರವತ್ತಮೂರು ಸಹಿಗಳಿದ್ದವು. ಸಾಕ್ಷಿ ಕೈಯಲ್ಲಿರುವವನು ಮೊದಲು ಬಾಗುವುದಿಲ್ಲ.

ಮೂವತ್ತು ಗೆರೆಗಳಾದ ಮೇಲೆ ಕಚೇರಿಯ ಕೆಲಸಕ್ಕೆಂದು ಅಫಜಲಪುರಕ್ಕೆ ಹೋದೆ. ಬಸ್ಸು ತಡವಿತ್ತು. ಅಲ್ಲಿಯೂ ಒಂದು ಬಾಡಿಗೆ ಪುಸ್ತಕದ ಅಂಗಡಿ, ಅಲ್ಲಿಯೂ ನೀಲಿ ಬೈಂಡು. ಸುಮ್ಮನೆ ತೆರೆದೆ. ಮೂರನೇ ಸಂಚಿಕೆಯ ಮೊದಲ ಪುಟದಲ್ಲಿ ಮುಖ್ಯಸ್ಥ ಕೊಟ್ಟ ನಕ್ಷೆ ಹಿಡಿದು ವೈರಿ ನಡೆದ, ನೇರ ಹೋಗಿ ಹಳ್ಳಕ್ಕೆ ಬಿದ್ದ. ನಕ್ಷೆ ಸುಳ್ಳು. ಆ ಗದ್ದಲದಲ್ಲಿ ಮುಖ್ಯಸ್ಥನ ಎಡಗೈಗೆ ಗುಂಡು ತಾಗಿತು. ನಿಂತಲ್ಲೇ ನನ್ನ ಎಂಬತ್ತನಾಲ್ಕು ಪುಟಗಳು ಒಂದೊಂದಾಗಿ ಉದುರಿದವು.

ಅಂಗಡಿಯ ಮಲ್ಲಪ್ಪನವರು ನೋಡಲಿಕ್ಕೆ ಆಳಂದದ ಕಲ್ಲಪ್ಪನವರಂತೆಯೇ ಇದ್ದರು. ಕೇಳಿದೆ. ಕಲ್ಲಪ್ಪ ನನ್ನಣ್ಣ ಎಂದರು. ಜೇವರ್ಗಿಯ ಅಂಗಡಿ ತಮ್ಮ ಶರಣಪ್ಪನದು. ಅವರಪ್ಪ ಬಾಡಿಗೆಗೆ ಪುಸ್ತಕ ಕೊಡುತ್ತಿದ್ದವರು. ಅವರು ತೀರಿದ ಮೇಲೆ ಮೂವರು ಮಕ್ಕಳಲ್ಲಿ ಪಾಲಾಯಿತು.

‘ಭಾಂಡಿ-ಪಾತ್ರಿ ಹಂಚಿದಂಗ ಹಂಚಿದ್ವಿರಿ,’ ಎಂದರು. ‘ಅಣ್ಣಗೊಂದು, ನನಗೊಂದು, ತಮ್ಮಗೊಂದು. ಮತ್ತ ಅಣ್ಣಗೊಂದು. ಹಂಗೇ ಮುಗಿಯೂತನಕ.’

‘ಕತಿ ತುಂಡಾಗತಾವಲ್ರಿ?’

‘ಮೊದಲಿನವೆಲ್ಲ ಓಡಾಡಿ ಹರಿದಿದ್ವು, ಕಡೀವೆಲ್ಲ ಕೋರಾ ಇದ್ವು. ಒಬ್ಬಗ ಹರಕು, ಒಬ್ಬಗ ಹೊಸಾದು ಕೊಟ್ರ ಅದು ನ್ಯಾಯ ಏನ್ರಿ? ನಮ್ಮ ಮೂವರಾಗ ಒಂದು ಮಾತು ಬಂದಿಲ್ಲ ನೋಡ್ರಿ ಇವತ್ತಿಗೂ.’

ಮೂವರಲ್ಲಿ ಯಾರಾದರೂ ಇದನ್ನು ಓದಿದ್ದೀರಾ ಎಂದು ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ಒಂದನೆಯದು, ನಾಲ್ಕನೆಯದು, ಏಳನೆಯದು ಆಳಂದಕ್ಕೆ. ಎರಡು, ಐದು, ಎಂಟು ಅಫಜಲಪುರಕ್ಕೆ. ಮೂರು, ಆರು, ಒಂಬತ್ತು ಜೇವರ್ಗಿಗೆ. ಏಳರಲ್ಲಿ ನಕ್ಷೆ, ಎಂಟರಲ್ಲಿ ಗುಂಡು, ಒಂಬತ್ತರಲ್ಲಿ ಹಾರ ಮತ್ತು ಶಾಲು. ದೇವಿಂದ್ರ ತನ್ನ ಪುಸ್ತಕದಲ್ಲಿದ್ದುದನ್ನು ಒಂದಕ್ಷರ ಬಿಡದೆ ಬರೆದಿದ್ದ. ಮೂವರು ಅಣ್ಣತಮ್ಮಂದಿರು ಜಗಳವಿಲ್ಲದೆ ಹಂಚಿಕೊಂಡ ಪುಸ್ತಕಕ್ಕೆ ಇಬ್ಬರು ಗೆಳೆಯರು ಜಗಳವಾಡಿದ್ದೆವು. ಅವರು ಓದಿರಲಿಲ್ಲ, ನಾವು ಓದಿದ್ದೆವು. ಇಷ್ಟೇ ವ್ಯತ್ಯಾಸ.

ಮುಂದಿನ ರವಿವಾರ ಜೇವರ್ಗಿಗೆ ಹೋದೆ. ಆಳಂದದ ಪುಸ್ತಕ ಚೀಲದಲ್ಲಿತ್ತು. ಅಫಜಲಪುರದ್ದೂ ಇತ್ತು, ಅದಕ್ಕೆ ಒತ್ತೆಯಾಗಿ ನನ್ನ ಕೈಗಡಿಯಾರ ಮಲ್ಲಪ್ಪನವರ ಹತ್ತಿರ ಉಳಿದಿತ್ತು. ಹೀಗಾಗಿ ನಾನು ಅವನ ಮನೆ ತಲುಪಿದ ಹೊತ್ತು ದಿನಚರಿಯಲ್ಲಿ ದಾಖಲಾಗಿಲ್ಲ. ದೇವಿಂದ್ರ ಕಟ್ಟೆಯ ಮೇಲೆ ಕುಳಿತು ತಾಯಿಯ ಜೊತೆ ತೊಗರಿ ಬೇಳೆ ಹಸನು ಮಾಡುತ್ತಿದ್ದ. ತಾಯಿ ಬಾರೋ ಯಪ್ಪಾ ಎಂದರು. ಅವನು ಮೊರದಿಂದ ಕಣ್ಣೆತ್ತಲಿಲ್ಲ.

ಬಸ್ಸಿನಲ್ಲಿ ಒಂದು ಭಾಷಣ ತಯಾರು ಮಾಡಿಕೊಂಡಿದ್ದೆ. ಅದರಲ್ಲಿ ಸಂಚಿಕೆಗಳ ಪಟ್ಟಿಯೂ ಇತ್ತು. ಎರಡು ನೀಲಿ ಪುಸ್ತಕಗಳನ್ನು ಕಟ್ಟೆಯ ಮೇಲಿಟ್ಟು ಹಂಚಿಕೆಯ ಕತೆ ಹೇಳಿ ಮುಗಿಸಿದೆ. ಕೊನೆಗೆ, ‘ದೇವಿಂದ್ರ, ನೀ ಕಾರ್ಡಿನ್ಯಾಗ ಬರದಿದ್ದು ಖರೇ ಇತ್ತು,’ ಎಂದೆ.

‘ಅದು ನನಗ ಗೊತ್ತಿತ್ತು,’ ಎಂದ. ‘ನಿನಗ ಗೊತ್ತಾಗಾಕ ಎಷ್ಟು ದಿನ ಹತ್ತಿತು ಹೇಳು. ಬರದಿಟ್ಟಿರತಿ.’

‘ಮೂವತ್ತೊಂದು ರವಿವಾರ.’

ಅವನು ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದ. ‘ಮುಖ್ಯಸ್ಥ ಕಳ್ಳ ಇರಲಿ, ಸಾಚಾ ಇರಲಿ, ನನಗೇನೋ? ನಮ್ಮ ಹುಡುಗರ ಸುದ್ದಿ ಯಾಕ ತಗದಿ? ನಾ ಬ್ಯಾರೆ ಏನೂ ಬರೋಬರಿ ಮಾಡಲಿಕ್ಕಿಲ್ಲ. ಕಲಸೂದು ಒಂದು ಬರೋಬರಿ ಮಾಡತೇನಿ.’

ಏಳು ತಿಂಗಳು ನಾನು ಮುಖ್ಯಸ್ಥನ ಸಹಿಗಳನ್ನು ಮತ್ತೆ ಮತ್ತೆ ಎಣಿಸಿದ್ದೆ. ನನ್ನ ಆ ಎರಡು ಸಾಲನ್ನು ಒಮ್ಮೆಯೂ ಹಿಂತಿರುಗಿ ಓದಿರಲಿಲ್ಲ.

‘ತಪ್ಪಾತು,’ ಎಂದೆ. ‘ಸಾಲಿಗಿ ಬಂದು ಹೆಡ್ ಮಾಸ್ತರ ಮುಂದ ಹೇಳತೇನಿ.’

‘ಬ್ಯಾಡ ಮಾರಾಯ. ನೀ ಬಂದ್ರ ತಾರೀಖು ಹಾಕಿ ಹೇಳತಿ. ಕಾರ್ಡ್ ಬರಿ. ತಪ್ಪಾತು ಅಂತ. ಎಲ್ಲಾರೂ ಓದಲಿ.’

ಬರೆದೆ. ಅವನ ಮುಂದೆಯೇ, ಅವನ ಕಟ್ಟೆಯ ಮೇಲೆಯೇ, ಎಂಬತ್ತೈದು ಕಿಲೋಮೀಟರು ದೂರ ಇರುವವನಿಗೆ ಬರೆದಂತೆ ಶಾಲೆಯ ವಿಳಾಸ ಹಾಕಿ ಬರೆದೆ. ಅವನು ಓದಿ ನೋಡಿ, ‘ತಪ್ಪು ಖುದ್ದು ನನ್ನದೇ’ ಎಂಬ ಕಡೆ ಅಕ್ಷರ ದೊಡ್ಡದಾಗಲಿ ಎಂದು ತಿದ್ದಿಸಿದ. ಆಮೇಲೆ ಒಳಗೆ ಹೋಗಿ ಶರಣಪ್ಪನವರ ಅಂಗಡಿಯ ನೀಲಿ ಪುಸ್ತಕ ತಂದ. ಆಗಲೇ ತಂದಿಟ್ಟುಕೊಂಡಿದ್ದ. ಆ ಏಳು ತಿಂಗಳಲ್ಲಿ ಅವನೂ ಹಾರ, ಶಾಲಿನ ಪುಟವನ್ನು ಮತ್ತೆ ಮತ್ತೆ ತೆರೆದು ನೋಡಿದ್ದನಂತೆ.

ಮೂರು ಪುಸ್ತಕಗಳನ್ನು ಹೊರಸಿನ ಮೇಲೆ ಸಾಲಾಗಿಟ್ಟು ಓದಿದೆವು. ಒಂದು ಇದರಿಂದ, ಒಂದು ಅದರಿಂದ, ಒಂದು ಇನ್ನೊಂದರಿಂದ. ಎರಡು ರವಿವಾರ ಹಿಡಿಯಿತು. ಒಂಬತ್ತನೇ ಕೊಠಡಿಯ ನಿಜವಾದ ಇತಿಹಾಸ ಹೀಗಿದೆ. ಮುಖ್ಯಸ್ಥ ಪ್ರಾಮಾಣಿಕ, ಕೈಗೆ ಗಾಯವಾಗಿ ನಿವೃತ್ತನಾದ. ಅವನ ಜಾಗಕ್ಕೆ ಯಾರನ್ನೂ ನೇಮಿಸಲು ಸರ್ಕಾರಕ್ಕೆ ನೆನಪಾಗಲಿಲ್ಲ. ಟೈಪಿಸ್ಟು ಅವನ ಸಹಿ ಹಾಕುತ್ತ ಇಲಾಖೆ ನಡೆಸಿದಳು, ಉಕ್ಕುಗರುಡನಿಗೂ ಅದು ತಿಳಿಯಲಿಲ್ಲ. ನನ್ನ ಅರವತ್ತಮೂರು ಸಹಿಗಳಷ್ಟೂ ಅವಳವೇ. ಮೂವತ್ತಾರನೇ ಸಂಚಿಕೆಯ ಕೊನೆಯ ಚಿತ್ರದಲ್ಲಿ ಅವಳು ಬೀಗದ ಕೋಣೆಯ ಮುಂದೆ ನಿಂತು ಕೀಲಿ ತಿರುವುತ್ತಾಳೆ. ಕೆಳಗೆ ‘ಮುಂದಿನ ಸಂಚಿಕೆಯಲ್ಲಿ ಮುಕ್ತಾಯ’ ಎಂದಿದೆ.

ಓಡಿಹೋಗಿ ಶರಣಪ್ಪನವರನ್ನು ಕೇಳಿದೆವು. ಒಟ್ಟು ಮೂವತ್ತೇಳು ಇದ್ದವು ಎಂದರು. ಮೂವರಿಗೂ ಹನ್ನೆರಡು ಹನ್ನೆರಡು ಹಂಚಿದ ಮೇಲೆ ಒಂದು ಮಿಕ್ಕಿತು. ಪಾಲು ಮಾಡಿಸಲು ಬಂದಿದ್ದ ನಿಂಬರ್ಗಾದ ಹಿರಿಯರು, ಒಂದಕ್ಕಾಗಿ ಮನಸ್ಸು ಕೆಡುವುದು ಬೇಡವೆಂದು ಅದನ್ನು ತಮ್ಮ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದರು. ಆ ಹಿರಿಯರನ್ನೂ ಹೋಗಿ ಕಂಡೆ. ಆಳಂದದಿಂದ ನಿಂಬರ್ಗಾಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದವರೊಬ್ಬರು ನೋಡಿ ಕೊಡುತ್ತೇನೆಂದು ಇಸಿದುಕೊಂಡು, ಓದುತ್ತ ಓದುತ್ತಲೇ ತಮ್ಮ ಊರು ಬಂದಾಗ ಇಳಿದುಹೋದರಂತೆ. ಯಾವ ಊರು, ಗಂಡಸೋ ಹೆಂಗಸೋ, ಹಿರಿಯರಿಗೆ ನೆನಪಿಲ್ಲ. ತಾರೀಖು ಬರೆದಿಡುವ ಚಟ ಎಲ್ಲರಿಗೂ ಇರಬೇಕೆಂದು ನನಗೆ ಅನಿಸಿದ್ದು ಅದೊಂದೇ ಸಲ.

ಬಸ್ಸಿನಿಂದ ಓದುತ್ತ ಇಳಿದವರೇ, ಅಥವಾ ಅವರನ್ನು ಬಲ್ಲವರೇ, ಒಂಬತ್ತನೇ ಕೊಠಡಿಯ ಬಾಗಿಲು ತೆರೆದಾಗ ಒಳಗೆ ಏನಿತ್ತು ಎಂದು ದಯವಿಟ್ಟು ತಿಳಿಸಿ. ಪುಸ್ತಕ ಮರಳಿಸಬೇಕೆಂದೇನಿಲ್ಲ, ನಾಲ್ಕು ಸಾಲು ಸಾಕು. ಇದನ್ನು ಅಚ್ಚು ಹಾಕಿದ ಈ ಪತ್ರಿಕೆಯವರಿಗೆ ಬರೆದರೆ ನಮ್ಮಿಬ್ಬರಲ್ಲಿ ಒಬ್ಬರಿಗೆ ಮುಟ್ಟಿಸುತ್ತಾರೆ. ಯಾರಿಗೆ ಬಂದರೂ ಇನ್ನೊಬ್ಬ ಬರುವವರೆಗೆ ಲಕೋಟೆ ಒಡೆಯಬಾರದೆಂದು ಮಾತಾಗಿದೆ. ನಿಮಗೆ ನಮ್ಮ ಉತ್ತರ ತಡವಾಗಿ ಬಂದರೆ ಬೇಸರ ಬೇಡ. ಆಳಂದದಿಂದ ಜೇವರ್ಗಿಗೆ ಗುಲ್ಬರ್ಗಾದಲ್ಲಿ ಬಸ್ಸು ಬದಲಿಸಬೇಕು, ಮತ್ತು ಅವನ ಕಟ್ಟೆಯ ಮೇಲೆ ಕುಳಿತರೆ ನನಗೆ ಬೇಗ ಏಳಲಾಗುವುದಿಲ್ಲ.